ಹಡಗಿನ ಜಗುಲಿ ಮೇಲೆ ಯಾರು ಕುಂತಿದ್ದರು?

ನಮ್ಮ ಜೊತೆ ಪಿಯುಸಿ ಓದಿದ ಗೆಳೆಯನೊಬ್ಬ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತು ಈಗ ಒಂದು ಕ್ರೂಸ್ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಅವನು ಕಳಿಸಿದ ನಲವತ್ತು ಸೆಕೆಂಡಿನ ವಿಡಿಯೋ ಒಂದನ್ನು ಹರವೆಯಲ್ಲಿ ಜಗುಲಿ ಮೇಲೆ ಕೂತು ನಾವೆಲ್ಲ ನೋಡಿದೆವು. ದಪ್ಪ ಕಾರ್ಪೆಟ್ಟು, ಅರ್ಧಚಂದ್ರದ ಹಾಗೆ ಬಾಗಿದ ಸೋಫಾಗಳು, ಮೂಲೆಯಲ್ಲಿ ಪಿಯಾನೊ, ಮೇಲೆ ಗಾಜಿನ ದೀಪದ ಗೊಂಚಲು, ಗೋಡೆಯಷ್ಟು ದೊಡ್ಡ ಕಿಟಕಿ, ಕಿಟಕಿಯಾಚೆ ಬರೀ ನೀರು. ಇದನ್ನು 'ಲೌಂಜ್' ಅಂತಾರೆ ಎಂದು ಪಕ್ಕದಲ್ಲಿದ್ದ ಅಜ್ಜಿಗೆ ವಿವರಿಸಲು ಹೋದೆವು. ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಒಂದೇ ಮಾತು ಕೇಳಿದರು:

"ಅಲ್ಲಿ ಯಾರ್ ಬೇಕಾದ್ರೂ ಕುಂತ್ಕಬೋದಾ ಮಗ?"

ಗ್ರಾಮೀಣ ಪತ್ರಿಕೋದ್ಯಮ ಓದಿ ಬಂದ ನಮ್ಮಲ್ಲಿ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ನಾವು ಸೋಫಾ ಎಷ್ಟು ಮೆತ್ತಗಿರಬಹುದು ಅಂತ ಮಾತಾಡುತ್ತಿದ್ದೆವು. ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಒಂದು ತಿಂಗಳು ಓದಿದ್ದರ ಫಲ ಈ ಬರಹ.

ಹರವೆಯವರಾದ ನಮಗೂ ಸಮುದ್ರಕ್ಕೂ ಏನು ಸಂಬಂಧ ಅಂತ ಕೇಳಬಹುದು. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಿನ ಈ ಬಯಲಿನಲ್ಲಿ ಅರಿಶಿನ, ಈರುಳ್ಳಿ, ಬಾಳೆ, ಸೂರ್ಯಕಾಂತಿ ಬೆಳೆಯುವವರಿಗೆ ದೊಡ್ಡ ನೀರು ಎಂದರೆ ಕೆರೆ, ಅದೂ ಮಳೆ ಬಂದ ವರ್ಷ. ಸಮುದ್ರ ನಮಗೆ ಬಂಡೀಪುರದ ಗೇಟಿನ ಆಚೆ ಇರುವ ವಸ್ತು. ತರಕಾರಿ ತುಂಬಿದ ಗಾಡಿಗಳು ಗುಂಡ್ಲುಪೇಟೆ ದಾಟಿ, ಕಾಡು ದಾಟಿ, ಸುಲ್ತಾನ್ ಬತ್ತೇರಿ ಮೇಲೆ ಕೋಳಿಕ್ಕೋಡಿಗೆ ಹೋಗುತ್ತವೆ. 2009ರಿಂದ ರಾತ್ರಿ ಸಂಚಾರಕ್ಕೆ ತಡೆ ಇರುವುದರಿಂದ ಗೇಟು ಬೀಳುವ ಮುಂಚೆ ದಾಟಬೇಕು. ಡ್ರೈವರುಗಳು ಸಮುದ್ರ ನೋಡಿ ಬರುತ್ತಾರೆ. ಉಳಿದವರು ಅವರ ಬಾಯಲ್ಲಿ ಕೇಳುತ್ತೇವೆ.

ಆದರೆ ಲೌಂಜ್ ಎಂಬುದು ನಮಗೆ ತೀರಾ ಹೊಸದಲ್ಲ. ಅದಕ್ಕೆ ನಮ್ಮಲ್ಲಿರುವ ಹೆಸರು ಜಗುಲಿ. ಮನೆಯ ಒಳಗೂ ಅಲ್ಲದ, ಬೀದಿಯೂ ಅಲ್ಲದ, ಕೆಲಸವಿಲ್ಲದೆ ಕೂರಬಹುದಾದ ಜಾಗ. ಯಾರು ಜಗುಲಿಯ ಮೇಲೆ ಕೂರುತ್ತಾರೆ, ಯಾರು ಮೆಟ್ಟಿಲ ಮೇಲೆ, ಯಾರು ಕೆಳಗೆ ನಿಂತೇ ಮಾತಾಡುತ್ತಾರೆ ಎಂಬುದನ್ನು ನಮ್ಮ ಕಡೆ ಯಾರೂ ಬರೆದಿಟ್ಟಿಲ್ಲ. ಮೂರು ವರ್ಷದ ಮಗುವಿಗೂ ಅದು ಗೊತ್ತಿರುತ್ತದೆ. ಅಜ್ಜಿ ಕೇಳಿದ್ದು ಈ ಲೆಕ್ಕದಲ್ಲಿ.

ಈಗ ಹಡಗಿಗೆ ಬರೋಣ.

ಇಂಡಿಯಾಕ್ಕೂ ಇಂಗ್ಲೆಂಡಿಗೂ ನಡುವೆ ಟಪಾಲು ಮತ್ತು ಜನರನ್ನು ಸಾಗಿಸಿದ ದೊಡ್ಡ ಕಂಪನಿ ಪೆನಿನ್ಸುಲರ್ ಅಂಡ್ ಓರಿಯೆಂಟಲ್, ಎಲ್ಲರ ಬಾಯಲ್ಲಿ ಪಿ ಅಂಡ್ ಓ. ಸುಖಕ್ಕಾಗಿಯೇ ಹಡಗು ಹತ್ತುವ ರೂಢಿಯನ್ನು ಮೊದಮೊದಲು ಪ್ರಚಾರ ಮಾಡಿದ್ದೂ ಇದೇ ಕಂಪನಿ. 1844ರಲ್ಲಿ ಕಾದಂಬರಿಕಾರ ಥ್ಯಾಕರೆಯನ್ನು ಪುಕ್ಕಟೆಯಾಗಿ ಮೆಡಿಟರೇನಿಯನ್ ಸಮುದ್ರ ಸುತ್ತಿಸಿತು. ಅವನು ಬಂದು ಪುಸ್ತಕ ಬರೆದ. ಪತ್ರಕರ್ತರನ್ನು ರೆಸಾರ್ಟಿಗೆ ಕರೆದೊಯ್ದು ಬರೆಸಿಕೊಳ್ಳುವ ಪದ್ಧತಿ ಇವತ್ತಿನದು ಅಂತ ನಾವು ತಿಳಿದಿದ್ದೆವು. ಅದಕ್ಕೆ 180 ವರ್ಷ ವಯಸ್ಸಾಗಿದೆ.

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಮುಂಬಯಿಯಿಂದ ಯೂರೋಪಿಗೆ ಹೋಗುವುದು ವಾರಗಳ ಮಾತಾಯಿತು. ನಮ್ಮವರೂ ಹಡಗು ಹತ್ತತೊಡಗಿದರು. ಅವರಿಗೆ ಅಲ್ಲಿನ ಸುಖ ಹೇಗೆ ಕಂಡಿತು?

ಮೊದಲಿಗೆ, ಬಹಳ ಜನಕ್ಕೆ ಅದು ಭಯವಾಗಿ ಕಂಡಿತು. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹೊರಟ 'ಕ್ಲೈಡ್' ಹಡಗಿನಲ್ಲಿ ಇನ್ನೂ 19 ತುಂಬದ ಒಬ್ಬ ಹುಡುಗನಿದ್ದ. ಸಮುದ್ರ ದಾಟುತ್ತಾನೆ ಅಂತ ಅವನ ಜಾತಿಯವರು ಅವನನ್ನು ಹೊರಗಿಟ್ಟಿದ್ದರು. ಅವನು ಊಟದ ಸಲೂನಿಗೆ ಹೋಗಲೇ ಇಲ್ಲ. ಚಮಚ ಮುಳ್ಳು ಹಿಡಿಯಲು ಬರದು, ಯಾವುದರಲ್ಲಿ ಮಾಂಸವಿಲ್ಲ ಎಂದು ಕೇಳಲು ಇಂಗ್ಲಿಷ್ ಬಾಯಿಗೆ ಬರದು. ಮನೆಯಿಂದ ಕಟ್ಟಿಕೊಂಡು ಬಂದ ಸಿಹಿ ಮತ್ತು ಹಣ್ಣನ್ನು ಕ್ಯಾಬಿನ್ನಿನಲ್ಲೇ ಕೂತು ತಿಂದ. ಡೆಕ್ಕಿನ ಮೇಲೆ ಜನ ಕಡಿಮೆ ಇದ್ದಾಗ ಮಾತ್ರ ಹೊರಗೆ ಬರುತ್ತಿದ್ದ. ಆ ಹುಡುಗ ಮೋಹನದಾಸ ಗಾಂಧಿ. ಹಳ್ಳಿಯಿಂದ ಮೈಸೂರಿನ ಹಾಸ್ಟೆಲ್ಲಿಗೆ ಹೋಗಿ ಮೊದಲ ವಾರ ಮೆಸ್ಸಿನ ಬಾಗಿಲಲ್ಲಿ ನಿಂತು ವಾಪಸ್ ಬಂದವರಿಗೆ ಈ ಭಾಗವನ್ನು ಯಾರೂ ವಿವರಿಸಬೇಕಾಗಿಲ್ಲ.

ದುಡ್ಡಿದ್ದವರು ಇದೇ ಭಯಕ್ಕೆ ಬೇರೆ ಮದ್ದು ಕಂಡುಕೊಂಡಿದ್ದರು. 1902ರಲ್ಲಿ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಹೊರಟ ಜೈಪುರದ ಮಹಾರಾಜ ಮಾಧೋಸಿಂಗ್ 'ಒಲಿಂಪಿಯಾ' ಎಂಬ ಇಡೀ ಹಡಗನ್ನೇ ಬಾಡಿಗೆಗೆ ಹಿಡಿದರು. ಆಳೆತ್ತರದ ಬೆಳ್ಳಿಯ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದರು. ಒಂದೊಂದು ಹಂಡೆಯ ತೂಕ 345 ಕಿಲೋ. ಅವು ಈಗಲೂ ಜೈಪುರದ ಅರಮನೆಯಲ್ಲಿವೆ. ತಮ್ಮ ಜಗುಲಿಯನ್ನು ತಾವೇ ಹೊತ್ತುಕೊಂಡು ಹೋಗುವುದು ಅಂದರೆ ಇದೇ ಇರಬೇಕು.

ಮೈಸೂರಿನ ನಂಟೂ ಒಂದಿದೆ. 1892ರಲ್ಲಿ ಮೈಸೂರಿಗೆ ಬಂದ ವಿವೇಕಾನಂದರು ಹತ್ತನೇ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಅಮೆರಿಕಕ್ಕೆ ಹೋಗಲು ನೆರವಾಗುವುದಾಗಿ ಮಹಾರಾಜರು ಹೇಳಿದ್ದರು. (ನಮ್ಮ ಚಾಮರಾಜನಗರದ ಹೆಸರು ಇವರದ್ದಲ್ಲ, ಇವರಿಗಿಂತ ಹಿಂದಿನ ಖಾಸಾ ಚಾಮರಾಜ ಒಡೆಯರದು. ಪ್ರತಿ ಸಲ ಯಾರಾದರೂ ಕೇಳುತ್ತಾರೆ, ಅದಕ್ಕೇ ಇಲ್ಲೇ ಹೇಳಿಬಿಡುತ್ತೇವೆ.) 1893ರ ಮೇ 31ರಂದು ಸ್ವಾಮಿಗಳು ಪಿ ಅಂಡ್ ಓ ಕಂಪನಿಯ 'ಪೆನಿನ್ಸುಲರ್' ಹತ್ತಿದರು. ಖೇತ್ರಿಯ ರಾಜ ಕೊಡಿಸಿದ ಫಸ್ಟ್ ಕ್ಲಾಸ್ ಟಿಕೆಟ್ಟು. ಪರಿವ್ರಾಜಕರಾಗಿ ಊರೂರು ಸುತ್ತಿದ ಸನ್ಯಾಸಿಗೆ ಈಗ ಪೆಟ್ಟಿಗೆಗಳು, ಬಟ್ಟೆಗಳು. ಅವನ್ನು ಕಾಯುವುದೇ ದೊಡ್ಡ ರಗಳೆ ಎಂಬ ಅರ್ಥದಲ್ಲಿ ಜಪಾನಿನಿಂದ ಕಾಗದ ಬರೆದರು.

ಕೆಲವರು ಹಡಗಿನಲ್ಲಿ ಕಂಡ ಸುಖವೇ ಬೇರೆ. 1921ರಲ್ಲಿ ಇಂಗ್ಲೆಂಡಿನಿಂದ 'ನರ್ಕುಂಡಾ'ದಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ಜೇಬಿನಲ್ಲಿದ್ದ ಸಣ್ಣ ಪ್ರಿಸಂ ಹಿಡಿದು ಸಮುದ್ರ ಏಕೆ ನೀಲಿ ಎಂದು ನೋಡುತ್ತಿದ್ದರು. ಮುಂಬಯಿ ಬಂದರಿನಲ್ಲಿ ಹಡಗಿನಿಂದಲೇ 'ನೇಚರ್' ಪತ್ರಿಕೆಗೆ ಬರೆದರು. ಹನ್ನೆರಡು ವರ್ಷದ ಮೇಲೆ ಅವರು ಬೆಂಗಳೂರಿನ ಟಾಟಾ ಇನ್ಸ್‌ಟಿಟ್ಯೂಟಿಗೆ ಬಂದರು. ನಮ್ಮ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟಾಗ ಕಂಡ ಕಡಲು 'ಸಮುದ್ರ ಗೀತೆಗಳು' ಆಯಿತು. ಇವರಿಬ್ಬರಿಗೂ ಹಡಗಿನ ಒಳಕೋಣೆಗಿಂತ ಹೊರಗಿನ ಡೆಕ್ಕೇ ಕೊಟ್ಟಿದ್ದು ಹೆಚ್ಚು.

ಆದರೆ ಒಳಕೋಣೆ ಕಟ್ಟಿದವರ ಉದ್ದೇಶ ತಿರುಗಾ ಮುರುಗಾ. ಪ್ರಯಾಣಿಕ ತಾನು ಸಮುದ್ರದ ಮೇಲಿದ್ದೇನೆ ಎಂಬುದನ್ನೇ ಮರೆಯಬೇಕು ಎಂಬುದು ಅವರ ಲೆಕ್ಕ. ಇದಕ್ಕೆ 'ವೈಸ್‌ರಾಯ್ ಆಫ್ ಇಂಡಿಯಾ' ಹಡಗಿಗಿಂತ ಒಳ್ಳೆಯ ಉದಾಹರಣೆ ನಮಗೆ ಸಿಗಲಿಲ್ಲ. 1928ರಲ್ಲಿ ನೀರಿಗಿಳಿದು, 1929ರಲ್ಲಿ ಮುಂಬಯಿ ದಾರಿಯಲ್ಲಿ ಓಡತೊಡಗಿದ ಈ ಹಡಗಿನ ತೂಕ 19 ಸಾವಿರ ಟನ್ನಿಗೂ ಹೆಚ್ಚು. ಫಸ್ಟ್ ಕ್ಲಾಸಿನಲ್ಲಿ 415 ಜನ, ಸೆಕೆಂಡ್ ಕ್ಲಾಸಿನಲ್ಲಿ 258. ಒಳಗಿನ ಅಲಂಕಾರ ನೋಡಿಕೊಂಡವಳು ಕಂಪನಿಯ ಯಜಮಾನ ಲಾರ್ಡ್ ಇಂಚ್‌ಕೇಪನ ಮಗಳು ಎಲ್ಸಿ ಮೆಕೇ. ವಿಮಾನ ಹಾರಿಸುವ ಹೆಂಗಸು. ಹಡಗು ನೀರಿಗಿಳಿಯುವ ಮುಂಚೆಯೇ, 1928ರ ಮಾರ್ಚಿನಲ್ಲಿ, ಅಟ್ಲಾಂಟಿಕ್ ದಾಟಲು ಹೊರಟ ವಿಮಾನದೊಂದಿಗೆ ಕಾಣೆಯಾದಳು. ತಾನು ಯೋಚಿಸಿದ ಕೋಣೆಗಳಲ್ಲಿ ಅವಳು ಒಂದು ದಿನವೂ ಪ್ರಯಾಣ ಮಾಡಲಿಲ್ಲ.

ಧೂಮಪಾನದ ಕೋಣೆಯನ್ನು ಸ್ಕಾಟ್ಲೆಂಡಿನ ಹಳೆಯ ಕೋಟೆಯ ಹಜಾರದಂತೆ ಮಾಡಿದ್ದರು. ಮೇಲೆ ಮರದ ದಪ್ಪ ತೊಲೆಗಳು, ಗೋಡೆಯಲ್ಲಿ ದೊಡ್ಡ ಬೆಂಕಿಗೂಡು. ಕೆಂಪು ಸಮುದ್ರದ ಸೆಕೆಯಲ್ಲಿ ಬೆಂಕಿಗೂಡು! ಕೆಳಗೆ ಹಳೆಯ ರೋಮನ್ ನಗರ ಪೊಂಪೇಯ ಶೈಲಿಯ ಈಜುಕೊಳ. ಸುತ್ತ ಅಷ್ಟು ನೀರಿದ್ದೂ ಒಳಗೊಂದು ಕೊಳ ಏಕೆ ಅಂತ ನಮ್ಮಲ್ಲಿ ಒಬ್ಬ ಕೇಳಿದ. ಬಾವಿಯಲ್ಲಿ ಈಜು ಕಲಿತವನು. ಪ್ರಶ್ನೆ ನ್ಯಾಯವಾದದ್ದೇ. ಇಂಡಿಯಾ ದಾರಿಯಲ್ಲಿ ಜನ ಕಡಿಮೆಯಿದ್ದ ತಿಂಗಳುಗಳಲ್ಲಿ ಇದೇ ಹಡಗನ್ನು ಬರೀ ವಿಹಾರಕ್ಕೆ ಕಳಿಸುತ್ತಿದ್ದರು. ಹಾಗಾಗಿ ನಮ್ಮ ಗೆಳೆಯನ ವಿಡಿಯೋದಲ್ಲಿರುವ ಲೌಂಜಿಗೆ ಇದು ಅಜ್ಜಿಯಾಗಬೇಕು.

1930ರ ಅಕ್ಟೋಬರ್ 4ರಂದು ಈ ಹಡಗು ಮುಂಬಯಿ ಬಿಟ್ಟಾಗ ಅದರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಸಮ್ಮೇಳನಕ್ಕೆ ಹೊರಟ ಪ್ರತಿನಿಧಿಗಳಿದ್ದರು. ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲರೂ ಆ ಸಮ್ಮೇಳನದ ಪ್ರತಿನಿಧಿಯೇ. ಹಡಗಿನಲ್ಲಿದ್ದವರಲ್ಲಿ ಒಬ್ಬರು ಬಿ.ಆರ್. ಅಂಬೇಡ್ಕರ್.

ಇಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು.

ಅದೇ ವರ್ಷ ಮಾರ್ಚ್ 2ರಂದು ನಾಸಿಕದಲ್ಲಿ ಕಾಳಾರಾಮ ದೇವಸ್ಥಾನದ ಪ್ರವೇಶಕ್ಕಾಗಿ ಅಂಬೇಡ್ಕರರ ನೇತೃತ್ವದಲ್ಲಿ ಸತ್ಯಾಗ್ರಹ ಶುರುವಾಗಿತ್ತು. ಸಾವಿರಾರು ಜನ ಬಂದರೂ ಬಾಗಿಲು ತೆರೆಯಲಿಲ್ಲ. ಏಳು ತಿಂಗಳ ಮೇಲೆ ಅದೇ ಮನುಷ್ಯ, ವೈಸ್‌ರಾಯ್ ಹೆಸರಿನ ಹಡಗಿನಲ್ಲಿ, ಸರ್ಕಾರ ಆಹ್ವಾನಿಸಿದ ಪ್ರತಿನಿಧಿ. ಅಲ್ಲಿ ನೀರು ಮುಟ್ಟಬೇಡ ಎನ್ನುವವರಿಲ್ಲ. ಕುಡಿದ ಲೋಟವನ್ನು ನೀನೇ ತೊಳೆದಿಡು ಎನ್ನುವವರಿಲ್ಲ.

ಇದು ಅವರಿಗೆ ಮೊದಲ ಅನುಭವವೂ ಅಲ್ಲ. 1917ರಲ್ಲಿ ಇಂಗ್ಲೆಂಡಿನ ಓದು ಅರ್ಧಕ್ಕೆ ನಿಲ್ಲಿಸಿ ಮರಳಿದಾಗ ಬಂದದ್ದು 'ಕೈಸರ್-ಇ-ಹಿಂದ್' ಹಡಗಿನಲ್ಲಿ. ಅವರ ಪುಸ್ತಕಗಳ ಪೆಟ್ಟಿಗೆಗಳು 'ಸಾಲ್ಸೆಟ್' ಎಂಬ ಬೇರೆ ಹಡಗಿನಲ್ಲಿದ್ದವು. ಮಹಾಯುದ್ಧದ ಕಾಲ, ಜರ್ಮನರ ಟಾರ್ಪೆಡೊ ಹೊಡೆತಕ್ಕೆ ಅದು ಮುಳುಗಿತು, ಪುಸ್ತಕಗಳೂ ಹೋದವು. ಓದಿಸಿದ ಋಣಕ್ಕೆ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದರು. ಹೊರದೇಶದಲ್ಲಿ ಕಳೆದ ಐದು ವರ್ಷ ತಾನು ಅಸ್ಪೃಶ್ಯ ಎಂಬ ನೆನಪನ್ನೇ ಅಳಿಸಿಹಾಕಿತ್ತು ಎಂದು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರು ಹೇಳುತ್ತಾರೆ. ಬರೋಡಾ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಎಲ್ಲಿ ಉಳಿಯಲಿ ಎಂಬ ಪ್ರಶ್ನೆ ಎದುರಾಯಿತು. ಹಿಂದೂ ಹೋಟೆಲುಗಳು ಸೇರಿಸುವುದಿಲ್ಲ. ಪಾರ್ಸಿ ಹೆಸರು ಕೊಟ್ಟು ಪಾರ್ಸಿ ವಸತಿಗೃಹವೊಂದರ ಮಹಡಿಯಲ್ಲಿ ಉಳಿದರು. ರಾತ್ರಿ ಮಂಕು ಲಾಂದ್ರ, ಮುರುಕು ಸಾಮಾನು ತುಂಬಿದ ದೊಡ್ಡ ಹಜಾರ, ಬಾವಲಿಗಳು, ಬೇರೆ ಮನುಷ್ಯರೇ ಇಲ್ಲ. ಹನ್ನೊಂದನೇ ದಿನ ಬೆಳಗ್ಗೆ ಕೋಲು ಹಿಡಿದ ಪಾರ್ಸಿಗಳ ಗುಂಪು ಬಂದು ನಿಂತಿತು. ಅವತ್ತು ಪಾರ್ಕಿನಲ್ಲಿ ಸಂಜೆಯವರೆಗೆ ಕೂತು ರೈಲು ಹತ್ತಿದರು.

ಹಡಗಿನ ಸಲೂನನ್ನೂ ಈ ಬಾವಲಿಗಳ ಹಜಾರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾರ್ಪೆಟ್ಟು, ಪಿಯಾನೊ, ಬೆಂಕಿಗೂಡು ಎಲ್ಲ ಆಮೇಲಿನ ಮಾತು. ಕೂತ ಮೇಲೆ ಯಾರೂ ಬಂದು ಎದ್ದೇಳು ಎನ್ನದಿರುವುದೇ ಸುಖ. ನಮ್ಮ ಕಡೆಯ ಹಳ್ಳಿಗಳಲ್ಲಿ ಟೀ ಅಂಗಡಿಯ ಬೆಂಚು, ಕ್ಷೌರದಂಗಡಿಯ ಕುರ್ಚಿ, ಬೇರೆ ಇಟ್ಟ ಲೋಟ ಇವುಗಳ ಸುದ್ದಿ ಬರೆದವರಿಗೆ, ಬರೆದು ಬೈಸಿಕೊಂಡವರಿಗೆ, ಇದು ತೊಂಬತ್ತು ವರ್ಷದ ಹಿಂದಿನ ಕತೆಯಾಗಿ ಕಾಣುವುದಿಲ್ಲ.

ಹಾಗಂತ ಹಡಗು ಸಮಾನತೆಯ ಊರಾಗಿತ್ತು ಎಂದು ಹೇಳಲು ಹೊರಟಿಲ್ಲ. ಅಲ್ಲಿ ಜಾತಿ ಕೇಳುತ್ತಿರಲಿಲ್ಲ, ಟಿಕೆಟ್ಟು ಕೇಳುತ್ತಿದ್ದರು. ಬಣ್ಣ ನೋಡುತ್ತಿದ್ದರು. ಇಂಡಿಯಾದ ಪ್ರಯಾಣಿಕ ಫಸ್ಟ್ ಕ್ಲಾಸಿನವನಾದರೂ ಬಿಳಿಯ ಅಧಿಕಾರಿಗಳು ತಮ್ಮ ತಮ್ಮಲ್ಲೇ ಗುಂಪು ಕಟ್ಟಿಕೊಂಡು ಕೂರುವುದು ಮಾಮೂಲಿ. 'ಪಾಶ್' ಎಂಬ ಇಂಗ್ಲಿಷ್ ಪದ ಹುಟ್ಟಿದ್ದೇ ಈ ಹಡಗುಗಳಲ್ಲಿ ನೆರಳಿನ ಕಡೆಯ ಕ್ಯಾಬಿನ್ ಹಿಡಿಯುವವರ ಟಿಕೆಟ್ಟಿನಿಂದ ಎಂಬ ಕತೆ ಇದೆ. ಕಾಲೇಜಿನಲ್ಲಿ ನಮಗೂ ಹೇಳಿದ್ದರು. ಅದಕ್ಕೆ ಯಾವ ಪುರಾವೆಯೂ ಇಲ್ಲ. ಆದರೆ ಕ್ಯಾಬಿನ್ ಯಾವ ಕಡೆ ಇದೆ ಎಂಬುದರ ಮೇಲೆ ಸೆಕೆ ನಿರ್ಧಾರವಾಗುತ್ತಿದ್ದದ್ದು ನಿಜ.

ಮತ್ತೆ, ಈ ಸುಖವನ್ನು ನಡೆಸುತ್ತಿದ್ದವರು ಯಾರು? ಊಟ ಬಡಿಸಿ ಹಾಸಿಗೆ ಹಾಸುತ್ತಿದ್ದವರು ಹೆಚ್ಚಿನವರು ಗೋವೆಯವರು. ಡೆಕ್ ತೊಳೆಯುವ, ಹಳೆಯ ಹಡಗುಗಳಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಎರಚುವ ಇಂಡಿಯಾದ ಖಲಾಸಿಗಳಿಗೆ 'ಲಸ್ಕರ್' ಅಂತ ಹೆಸರು. ಬಿಳಿಯ ನಾವಿಕನಿಗಿಂತ ಕಡಿಮೆ ಸಂಬಳ. ಮಲಗಲು ಎಷ್ಟು ಜಾಗ ಎಂಬುದರಲ್ಲೂ ಕಾನೂನೇ ಇವರಿಗೆ ಕಡಿಮೆ ಅಳತೆ ಹಾಕಿತ್ತು.

ಇನ್ನು ಡೆಕ್ ಪ್ರಯಾಣಿಕರು. ಮದ್ರಾಸಿನಿಂದ ಪೆನಾಂಗ್, ಸಿಂಗಾಪುರಕ್ಕೆ ಓಡುತ್ತಿದ್ದ 'ರಜುಲಾ' ಎಂಬ ಹಡಗು 1926ರದು. ನಂಜನಗೂಡಿನಿಂದ ಚಾಮರಾಜನಗರಕ್ಕೆ ರೈಲು ಬಂದ ವರ್ಷ. ರಜುಲಾದ ತೂಕ ಎಂಟು ಸಾವಿರ ಟನ್ ಆಸುಪಾಸು, ಅಂದರೆ ವೈಸ್‌ರಾಯ್ ಹಡಗಿನ ಅರ್ಧಕ್ಕೂ ಕಡಿಮೆ. ಆ ದೊಡ್ಡ ಹಡಗಿನಲ್ಲಿ ಒಟ್ಟು 673 ಪ್ರಯಾಣಿಕರಾದರೆ, ಈ ಸಣ್ಣದಕ್ಕೆ ಐದು ಸಾವಿರಕ್ಕೂ ಹೆಚ್ಚು ಡೆಕ್ ಪ್ರಯಾಣಿಕರನ್ನು ತುಂಬಲು ಪರವಾನಗಿ ಇತ್ತು. ಚಾಪೆ ಹಾಸಿದಷ್ಟು ಜಾಗವೇ ಅವರ ಕ್ಯಾಬಿನ್ನು, ಅದೇ ಲೌಂಜು. ತೋಟಗಳಿಗೆ ಕೂಲಿಗೆ ಹೋಗುವವರು, ಸಣ್ಣ ವ್ಯಾಪಾರಿಗಳು. ಅವರಲ್ಲಿ ಯಾರೂ ಪ್ರವಾಸಕಥನ ಬರೆಯಲಿಲ್ಲ.

ಅದಕ್ಕೂ ಹಿಂದೆ ಮದ್ರಾಸಿನಿಂದ ದಕ್ಷಿಣ ಆಫ್ರಿಕಾದ ನೇಟಾಲಿಗೆ ಕರಾರು ಕೂಲಿಗಳನ್ನು ಒಯ್ದ ಹಡಗುಗಳಿದ್ದವು. ಮೊದಲನೆಯದು 'ಟ್ರೂರೊ', 1860ರ ನವೆಂಬರ್ 16ಕ್ಕೆ ಡರ್ಬನ್ ಮುಟ್ಟಿತು. ಈ ಹಡಗುಗಳ ಪಟ್ಟಿಗಳು ಉಳಿದಿವೆ. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಹಳ್ಳಿ. ಜಿಲ್ಲೆಯ ಕಲಂನಲ್ಲಿ ಮೈಸೂರು, ಬೆಂಗಳೂರು ಎಂಬ ಹೆಸರುಗಳೂ ಬರುತ್ತವೆ. ಅಂದಿನ ಮೈಸೂರು ಸೀಮೆಯೊಳಗೆ ನಮ್ಮ ಈ ಹೋಬಳಿಗಳೂ ಸೇರಿದ್ದವು. ಹಾಗಾಗಿ ನಮ್ಮ ನಾಡಿನವರು ಸಮುದ್ರ ಕಂಡಿರಲಿಲ್ಲ ಎನ್ನುವುದು ಸರಿಯಲ್ಲ. ಮಹಾರಾಜರ ಅತಿಥಿಗಳಿಗಿಂತ ಮೊದಲೇ ಕಂಡಿದ್ದರು, ಡೆಕ್ಕಿನ ಕೆಳಗಿನಿಂದ.

ಕ್ಲೈಡ್ ಹಡಗಿನ ಆ ಹುಡುಗನ ಕತೆ ಮುಗಿಸಿಬಿಡೋಣ. 1931ರ ಆಗಸ್ಟ್ 29ರಂದು ಎರಡನೇ ದುಂಡುಮೇಜಿನ ಸಮ್ಮೇಳನಕ್ಕೆ ಗಾಂಧಿ 'ರಾಜಪುತಾನಾ' ಹತ್ತಿದರು. ಟಿಕೆಟ್ಟು ಸೆಕೆಂಡ್ ಕ್ಲಾಸಿನದು, ಆ ಹಡಗಿನಲ್ಲಿ ಅದಕ್ಕಿಂತ ಕೆಳಗಿನ ದರ್ಜೆ ಇರಲಿಲ್ಲ. ಜೊತೆಯವರು ತಂದಿದ್ದ ಸೂಟ್‌ಕೇಸುಗಳನ್ನು ನೋಡಿ ಸಿಟ್ಟಾಗಿ, ಬೇಡದ್ದನ್ನೆಲ್ಲ ಏಡನ್ನಿನಿಂದಲೇ ವಾಪಸ್ ಕಳಿಸಿದರು. ಡೆಕ್ಕಿನ ಮೂಲೆಯೊಂದನ್ನು ಹಿಡಿದು ಅಲ್ಲೇ ನೂಲು, ಅಲ್ಲೇ ಪ್ರಾರ್ಥನೆ, ಅಲ್ಲೇ ನಿದ್ದೆ. 43 ವರ್ಷದ ಹಿಂದೆ ನಾಚಿಕೆಯಿಂದ ಸಲೂನಿಗೆ ಹೋಗದವರು ಈಗ ಬೇಕೆಂದೇ ಹೋಗಲಿಲ್ಲ. ನಮಗೆ ಇದು ಇಷ್ಟವಾಯಿತು. ಆದರೆ ಒಂದು ಮಾತು ನಮ್ಮೊಳಗೆ ಜಗಳಕ್ಕೂ ಕಾರಣವಾಯಿತು: ಕುರ್ಚಿ ಬೇಡ ಎನ್ನಲು ಮೊದಲು ಕುರ್ಚಿಯ ಹಕ್ಕಿರಬೇಕಲ್ಲ? ಅಂಬೇಡ್ಕರರ ಸೂಟು, ಬೂಟು, ಹಡಗಿನ ಊಟದ ಮೇಜು ಇವನ್ನು ಆಡಂಬರ ಎಂದವರು ಅಂದೂ ಇದ್ದರು, ಈಗಲೂ ಇದ್ದಾರೆ. ಜಗುಲಿಯ ಮೇಲೆ ಹುಟ್ಟಿದವರಿಗೆ ಕೆಳಗಿಳಿದು ಕೂರುವುದು ತ್ಯಾಗ. ಕೆಳಗೆ ನಿಂತೇ ಬೆಳೆದವರಿಗೆ ಅದು ದಿನದ ಬದುಕು. ನಮ್ಮಲ್ಲಿ ಈ ಜಗಳ ಇನ್ನೂ ತೀರಿಲ್ಲ.

ವೈಸ್‌ರಾಯ್ ಆಫ್ ಇಂಡಿಯಾ ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ಸಾಗಿಸುವ ಹಡಗಾಯಿತು. 1942ರ ನವೆಂಬರ್ 11ರಂದು ಆಲ್ಜೀರಿಯಾದ ಒರಾನ್ ಹತ್ತಿರ ಜರ್ಮನ್ ಜಲಾಂತರ್ಗಾಮಿಯ ಹೊಡೆತಕ್ಕೆ ಮುಳುಗಿತು. ರಾಜಪುತಾನಾ ಅದಕ್ಕೂ ಮೊದಲೇ, 1941ರ ಏಪ್ರಿಲಿನಲ್ಲಿ ಹೋಗಿತ್ತು. ಚಾಪೆಯವರ ರಜುಲಾ ಮಾತ್ರ 1970ರ ದಶಕದವರೆಗೂ ಓಡಿತು.

ಈಗ ಮುಂಬಯಿಯಿಂದ, ಕೊಚ್ಚಿಯಿಂದ ಕ್ರೂಸ್ ಹೊರಡುತ್ತದೆ. ಮಂಗಳೂರು ಬಂದರಿಗೂ ಹೊರದೇಶದ ಕ್ರೂಸ್ ಹಡಗುಗಳು ಬಂದು ನಿಲ್ಲುತ್ತವೆ. ಮೈಸೂರಿನ ಟ್ರಾವೆಲ್ ಏಜೆಂಟರು ಮೂರು ರಾತ್ರಿಯ ಪ್ಯಾಕೇಜ್ ಮಾರುತ್ತಾರೆ. ದುಡ್ಡಿದ್ದರೆ ಜಾತಿ ಕೇಳುವುದಿಲ್ಲ, ಬಣ್ಣವನ್ನೂ ಕೇಳುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಅಜ್ಜಿಯ ಪ್ರಶ್ನೆಯನ್ನು ನಮ್ಮ ಗೆಳೆಯನಿಗೇ ಕೇಳೋಣ ಎನ್ನಿಸಿತು. ಹಡಗು ಯಾವುದೋ ಬಂದರಿಗೆ ಬಂದಾಗ ಮಾತ್ರ ಅವನಿಗೆ ಸರಿಯಾಗಿ ನೆಟ್‌ವರ್ಕ್ ಸಿಗುತ್ತದೆ. ಒಂಬತ್ತು ತಿಂಗಳ ಕಾಂಟ್ರ್ಯಾಕ್ಟು. ಇಬ್ಬರಿಗೆ ಒಂದು ಕ್ಯಾಬಿನ್, ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿ ಇಲ್ಲ. ಕೆಲಸದವರು ಓಡಾಡಲು ಹಡಗಿನ ಹೊಟ್ಟೆಯೊಳಗೆ ಉದ್ದಕ್ಕೆ ಒಂದು ಓಣಿ ಇದೆಯಂತೆ, ಅದಕ್ಕೆ ಅಮೆರಿಕದ ಹೆದ್ದಾರಿಯೊಂದರ ಹೆಸರಿಟ್ಟಿದ್ದಾರಂತೆ. ಊಟ ಚೆನ್ನಾಗಿದೆ, ಸಂಬಳ ಸರಿಯಾಗಿ ಬರುತ್ತದೆ, ಮನೆಗೆ ತಾರಸಿ ಹಾಕಿಸಿದ್ದಾನೆ. ದೂರು ಹೇಳುವ ದನಿಯಲ್ಲಿ ಅವನು ಏನನ್ನೂ ಹೇಳಲಿಲ್ಲ.

"ಆ ಲೌಂಜಲ್ಲಿ ನೀನು ಕುಂತಿದ್ದೀಯಾ?" ಎಂದು ಕೇಳಿದೆವು.

"ಯೂನಿಫಾರ್ಮಲ್ಲಿ ಕುಂತ್ರೆ ವಾರ್ನಿಂಗ್ ಲೆಟರು ಕಣ್ರೋ," ಅಂದು ನಕ್ಕ.

ಆಗ ಆ ವಿಡಿಯೋವನ್ನು ಮತ್ತೆ ತೆಗೆದು ನೋಡಿದೆವು. ಅದರಲ್ಲಿ ಒಬ್ಬ ಮನುಷ್ಯನೂ ಇಲ್ಲ. ಮೊದಲ ಸಲ ನೋಡಿದಾಗ ನಮಗಿದು ಕಂಡಿರಲೇ ಇಲ್ಲ. ಬೆಳಗಿನ ಜಾವ ಐದಕ್ಕೆ, ಪ್ಯಾಸೆಂಜರುಗಳು ಏಳುವ ಮುಂಚೆ, ಕಾರ್ಪೆಟ್ಟಿಗೆ ವ್ಯಾಕ್ಯೂಮ್ ಹಿಡಿಯಲು ಹೋದಾಗ ತೆಗೆದದ್ದಂತೆ. ಸೂಪರ್‌ವೈಸರ್ ಬರುವ ಸದ್ದಾಯಿತು, ಅದಕ್ಕೇ ನಲವತ್ತು ಸೆಕೆಂಡಿಗೆ ನಿಲ್ಲಿಸಿದನಂತೆ.